ಮಣಿಕಟ್ಟು ಕೂಡಿದ್ದು ಅಜ್ಜನ ತಾಟಿನಲ್ಲಿ ಗೊತ್ತಾಯಿತು

ಗದಗಿನ ಆಸ್ಪತ್ರೆಯಲ್ಲಿ ಮಗಳ ಕೈಯ ಪ್ಲಾಸ್ಟರ್ ಕತ್ತರಿಸುವಾಗ ಎದ್ದ ಸುಣ್ಣದಂಥ ವಾಸನೆ ನನ್ನನ್ನು ಶಿಗ್ಲಿಯ ನಮ್ಮ ಅಡುಗೆಮನೆಗೆ ಎಳೆದೊಯ್ದಿತು.

ನಾನು ಚಿಕ್ಕವಳಿದ್ದಾಗ ನಾಗರಪಂಚಮಿಯ ಜೋಕಾಲಿಯಿಂದ ಬಿದ್ದು ನನ್ನ ಬಲ ಮಣಿಕಟ್ಟು ಮುರಿದಿತ್ತು. ಎಕ್ಸ್‌ರೇ, ಪ್ಲಾಸ್ಟರ್ ಎಲ್ಲ ಮುಗಿದರೂ ಕೈ ಕಟ್ಟಿಗೆಯಂತೆ ಸೆಟೆದೇ ಇತ್ತು.

“ಇದು ಇನ್ನ ತಿರಗತೈತೋ ಇಲ್ಲೋ” ಎಂದು ಅವ್ವ ಕಣ್ಣೊರೆಸಿಕೊಂಡಳು.

ಡಾಕ್ಟರು ವ್ಯಾಯಾಮ ಹೇಳಿದ್ದರು. ಅಜ್ಜಿ ನಾದಿದ ಜೋಳದ ಹಿಟ್ಟನ್ನು ನನ್ನ ಮುಂದಿಟ್ಟಳು.

“ವ್ಯಾಯಾಮ ಅಂದ್ರ ಇದ ನೋಡವಾ. ಬಡಿ ರೊಟ್ಟಿ!”

ನನ್ನ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅಜ್ಜ ದಿನಾ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ತಾಟು ಸರಿಸಿ ಸಿಡುಕಿದ:

“ಇದು ನಿಮ್ಮ ಅಜ್ಜೀದು. ನನಗ ನಿಂದು ಹಾಕ.”

ಅದು ನನ್ನದೇ ಆಗಿತ್ತು.

ಮಗಳಿಗೆ ಡಾಕ್ಟರು ರಬ್ಬರ್ ಚೆಂಡು ಹಿಚುಕಲು ಹೇಳಿದ್ದಾರೆ. ನಾನು ಜೋಳದ ಹಿಟ್ಟು ಸಾಣಿಸುತ್ತಿದ್ದೇನೆ.