ಕುತ್ತಿಗೆಯಿಂದ ಕೆಳಗೆ

ಅಡಿಕೆ ಆರಿಸುವ ಶೆಡ್ಡಿಗೆ ಮೊದಲ ದಿನ ಕಾಲಿಟ್ಟಾಗ ಇಪ್ಪತ್ತು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬಳು ಎಡಗೈ ಎತ್ತಿ ಮುಂಗೈಯಲ್ಲಿ ಕಣ್ಣು ಒರೆಸಿಕೊಂಡಳು. ಪಕ್ಕದವಳೂ ಒರೆಸಿಕೊಂಡಳು. ಆಮೇಲೆ ಸಾಲಿಡೀ ಒರೆಸಿಕೊಂಡಿತು. ಯಾರ ಕಣ್ಣಲ್ಲೂ ನೀರಿರಲಿಲ್ಲ.

ಹಿನ್ನೀರಿನ ಆಚೆಯ ತುಮರಿ ಬಿಟ್ಟು ಸಾಗರ ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದ ವಾರ ಅದು. ಊರಲ್ಲಿ ಈ ಕೆಲಸ ಕಲಿಸಿದವಳು ನನ್ನ ಅತ್ತೆ. ತಪ್ಪಿದರೆ ಕೈಮೇಲೆ ಹೊಡೆಯುತ್ತಿದ್ದಳು, ಮಧ್ಯಾಹ್ನ ಉಣ್ಣಲು ಕರೆಯುತ್ತಿದ್ದಳು. ಇಲ್ಲಿ ಕಲಿಸುವುದು ಟಿವಿ. ಅದರಲ್ಲಿ ಒಬ್ಬ ಹೆಂಗಸು, ಕುತ್ತಿಗೆಯಿಂದ ಕೆಳಗೆ ಮಾತ್ರ. ಒಡಕು ಅಡಿಕೆ ಬೇರೆ, ಗಟ್ಟಿ ಬೇರೆ ಹಾಕುತ್ತಾಳೆ. ಆಗಾಗ ಎಡಗೈ ಮುಖದ ಕಡೆ ಎದ್ದು ಮರೆಯಾಗುತ್ತದೆ.

ಸೂಪರ್‌ವೈಸರ್ ಹುಡುಗ ಎಂಟು ದಿನ ಕೊಟ್ಟ. "ಟಿವೀಲಿ ಹೆಂಗಿದ್ಯೋ ಹಂಗೇ ಮಾಡ್ಬೇಕಮ್ಮಾ. ಬರ್ಲಿಲ್ಲಾಂದ್ರೆ ಊರಿಗೆ ಹೊರಡಿ."

ಐದನೇ ದಿನ ನನ್ನ ಕೈಯೂ ಎದ್ದಿತು. ಗಂಡ ಸತ್ತಾಗಲೂ ಕಣ್ಣು ಒರೆಸಿಕೊಂಡವಳಲ್ಲ ನಾನು. ಹೆದರಿಕೆಯಾಯಿತು. ಟಿವಿಯಲ್ಲಿರುವುದು ಯಾರೆಂದು ಪಕ್ಕದ ಹೂವಮ್ಮನನ್ನು ಕೇಳಿದೆ. ಅವಳು ತಲೆ ಎತ್ತದೆಯೇ ಹೇಳಿದಳು.

"ಜಯಕ್ಕ. ಮಗಳು ತೀರ್ಕಂಡು, ಸುಟ್ಟ ಮೂರ್ನೇ ದಿನ ಕೂರ್ಸಿದ್ರು. ಕ್ಯಾಮೆರಾದವ್ನು ಬಂದಾಗಿತ್ತಲ್ಲ."

"ಈಗ ಎಲ್ಲಿದಾಳೆ?"

"ಕೆಲ್ಸ ಬಿಟ್ಲು. ಹೋದ್ಲು ಅಂತೀವಿ, ಇಲ್ಲೇ ಇದಾಳೆ ನೋಡು," ಎಂದು ಗಲ್ಲದಲ್ಲೇ ಟಿವಿ ತೋರಿಸಿದಳು.

ಶನಿವಾರ ಸಂಜೆ ಸೂಪರ್‌ವೈಸರ್ ಎಲ್ಲರನ್ನೂ ಸೇರಿಸಿ, ಮನಸ್ಸಿಗೆ ಬೇಸರವಿದ್ದರೆ ಹೇಳಿ ಎನ್ನುತ್ತಾನೆ. ಮೇಲಿನವರ ಅಪ್ಪಣೆಯಂತೆ. ಎಲ್ಲರೂ ಇಲ್ಲ ಎಂದು ಮನೆಗೆ ಹೋಗುತ್ತಾರೆ. ಆ ವಾರ ನಾನು ಹೋಗಲಿಲ್ಲ.

"ಬೇಸರ ನಮ್ದಲ್ಲ ಮಾರಾಯ, ಜಯಕ್ಕಂದು. ಗಂಡ ಸತ್ತಾಗ್ಲೂ ಅಳದ ನನ್ನ ಕೈನೂ ಏಳ್ತಿದೆ. ಅದನ್ನ ಎಷ್ಟು ಜನಕ್ಕೆ ಕಲಿಸ್ತೀಯ? ಟಿವಿ ನಿಲ್ಸು. ಹೊಸಬರ ಪಕ್ಕ ನಾವೇ ಕೂತ್ಕಳ್ತೀವಿ."

ಪಕ್ಕ ಕೂರಲು ಯಾರನ್ನೂ ಬಿಡಲಾಗುವುದಿಲ್ಲ ಎಂದ. ಆಮೇಲೆ, "ಬೇರೆ ವಿಡಿಯೋ ತೆಗ್ಸಣ. ನೀವೇ ಕೂತ್ಕಳಿ. ನಿಮ್ಗೆ ಅಳು ಬರಲ್ವಲ್ಲ," ಎಂದ.

ಒಪ್ಪಿದೆ. ಜಯಕ್ಕನಿಗೆ ಬಿಡುಗಡೆಯಾಗಲಿ ಎಂದುಕೊಂಡೆ. ಮುಖವೂ ಬರಲಿ ಎಂದರೆ ಬೇಡವೆಂದರು. ಅಂದು ಟಿವಿ ನಿಲ್ಲಿಸಿದ್ದರು, ನನ್ನ ಕೈ ಮುಖದ ಕಡೆ ಏಳಲಿಲ್ಲ.

ನನ್ನ ಹೊಸ ವಿಡಿಯೋವನ್ನು ಹಳಬರಿಗೂ ದಿನಾ ತೋರಿಸಿದರು. ಈಗ ಸಾಲಿನಲ್ಲಿ ಯಾರ ಕೈಯೂ ಏಳುವುದಿಲ್ಲ. ಮೊನ್ನೆ ಹೂವಮ್ಮನ ತಮ್ಮ ಸತ್ತ ಸುದ್ದಿ ಶೆಡ್ಡಿಗೇ ಬಂತು. ಕಣ್ಣಿಂದ ನೀರು ಅಡಿಕೆಯ ಮೇಲೆ ಬೀಳುತ್ತಲೇ ಇತ್ತು. ಅವಳು ಒರೆಸಿಕೊಳ್ಳಲಿಲ್ಲ. ಅವಳ ಎರಡೂ ಕೈ ನನ್ನ ಕೈಯ ಹಾಗೆ ಆರಿಸುತ್ತಲೇ ಇದ್ದವು. ಕೊನೆಗೆ ನಾನೇ ಎದ್ದು ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

ಊರಿಗೆ ಬಾ ಎಂದು ತಂಗಿ ಕರೆಯುತ್ತಾಳೆ. ಈಗ ಸೇತುವೆಯಾಗಿದೆ, ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿಲ್ಲ. ಹೋಗಬಹುದು. ಆದರೆ ಕುತ್ತಿಗೆಯಿಂದ ಕೆಳಗೆ ನಾನು ಸಾಗರದ ಶೆಡ್ಡಿನಲ್ಲೇ ಇರುತ್ತೇನೆ.