ತಿರುವಿನ ಕಂಬಿ

ನಮ್ಮ ಭಾವನಿಗೆ ಗೇಟು ಮಾಡುವುದು ಹೊಟ್ಟೆಪಾಡು, ಗುಡ್ಡದ ಮೇಲಿನ ಸೈಕಲ್ ರೇಸು ಹುಚ್ಚು. ಎರಡರಲ್ಲಿ ಯಾವುದು ಹೆಚ್ಚು ಎಂದು ಅಕ್ಕನನ್ನು ಕೇಳಿದರೆ ಅವಳು ಸೋಫಾದ ಹಿಂದಕ್ಕೆ ಕೈ ತೋರಿಸುತ್ತಾಳೆ. ಅಲ್ಲಿ ದಾರಿ ಗುರುತಿಗೆ ಕಟ್ಟುವ ಟೇಪಿನ ಸುರುಳಿಗಳು, ಒಂದು ಹಾರೆ, ಮಣ್ಣು ಮೆತ್ತಿದ ಗುದ್ದಲಿಗಳು. ರೇಸು ಹತ್ತಿರ ಬಂತೆಂದರೆ ತಗಡಿನಲ್ಲಿ ಕತ್ತರಿಸಿದ ನಂಬರುಗಳು ಬಣ್ಣ ಒಣಗಲೆಂದು ಅವಳ ಬಟ್ಟೆ ಹಗ್ಗದ ಮೇಲೆ ನೇತಾಡುತ್ತವೆ.

"ಮದುವೆ ಮಾತುಕತೆಯಲ್ಲಿ ವೆಲ್ಡಿಂಗ್ ಅಂಗಡಿ ಇದೆ ಅಂದ್ರು. ಜೊತೆಗೊಂದು ಗುಡ್ಡಾನೂ ಇದೆ ಅಂತ ಯಾರೂ ಬಾಯಿ ಬಿಡ್ಲಿಲ್ಲ" ಎನ್ನುವುದು ಅವಳ ಮಾಮೂಲು ರಾಗ.

ಗುಡ್ಡ ಇರುವುದು ಊರಿನ ನೀರಿನ ಟ್ಯಾಂಕಿನ ಹಿಂದೆ. ತುದಿಯಿಂದ ಬುಡದವರೆಗೆ ಸೈಕಲ್ ಇಳಿಯುವ ದಾರಿಯನ್ನು ಭಾವ ತನ್ನ ಕೈಯಾರೆ ಕಡಿದದ್ದು. ಪ್ರತಿ ಮಳೆಗಾಲವೂ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಪ್ರತಿ ಮಳೆಗಾಲದ ನಂತರವೂ ಇವನು ಹೋಗಿ ಮತ್ತೆ ಕಡಿಯುತ್ತಾನೆ. ದಾರಿಯನ್ನು ಒಂದು ಮಗ್ಗುಲಿಗೆ ಚೂರು ಓರೆ ಮಾಡಿ, "ನೀರಿಗೆ ಅದರ ಪಾಡಿಗೆ ಹೋಗೋಕೆ ಬಿಟ್ರೆ ಅದು ನಮ್ಮ ತಂಟೆಗೆ ಬರಲ್ಲಮ್ಮಾ" ಎಂದು ನನಗೆ ಪಾಠ ಹೇಳುತ್ತಾನೆ. ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಅದೊಂದೇ ತಪ್ಪಿಗೆ ರೇಸಿನ ಸ್ಟಾಪ್‌ವಾಚು ನನ್ನ ಕೊರಳಿಗೆ ಬಿತ್ತು.

ರೇಸು ಮುಗಿಯುವ ಜಾಗದಲ್ಲಿ ಮರದ ಕೊಂಬೆಗೆ ಭಾವ ಒಂದು ಕಬ್ಬಿಣದ ಪಟ್ಟಿ ನೇತುಹಾಕುತ್ತಾನೆ. ಯಾರೇ ಇಳಿದು ಬರಲಿ, ಸುತ್ತಿಗೆಯಿಂದ ಅದಕ್ಕೊಂದು ಏಟು. ಕೊನೆಗೆ ನನ್ನ ಕಡೆ ತಿರುಗಿ, "ಕೊನೆಯವರು ಬಂದ್ರಾ?" ಎನ್ನುತ್ತಾನೆ. ನಾನು "ಬಂದ್ರು" ಅನ್ನುವವರೆಗೆ ಪಟ್ಟಿ ಇಳಿಸುವ ಹಾಗಿಲ್ಲ. ಒಮ್ಮೆ ಒಬ್ಬ ಚೈನು ಕಿತ್ತುಹೋಗಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದ. ಗೆದ್ದವರು ಊಟ ಮುಗಿಸಿ ನಿದ್ದೆ ಹೊಡೆಯುತ್ತಿದ್ದರು. ಭಾವ ಸುತ್ತಿಗೆ ಹಿಡಿದು ಕಾಯುತ್ತಲೇ ಇದ್ದ. ಜೊತೆಗೆ ನಾನೂ, ಹೊಟ್ಟೆ ತಾಳ ಹಾಕುತ್ತಿದ್ದರೂ.

ಇಂಥ ರೇಸಿಗೆ ಜನ ಕಡಿಮೆಯಾಗುತ್ತ ಬಂದರು. ಚುರುಕಾಗಿದ್ದವರು ದೊಡ್ಡ ರೇಸುಗಳ ಕಡೆ ಹೋದರು, ಉಳಿದವರಿಗೆ ಮಂಡಿನೋವು, ಮಕ್ಕಳು, ಕೆಲಸ. ಗುದ್ದಲಿ ಹಿಡಿದು ಬರುತ್ತಿದ್ದವರು ಈಗ ಫೋನಿನಲ್ಲಿ, "ಅಣ್ಣಾ, ಈ ಭಾನುವಾರ ಒಂಚೂರು ಕಷ್ಟ" ಎನ್ನತೊಡಗಿದರು. ಒಂದು ವರ್ಷವಂತೂ ಓಡಿಸುವವರಿಗಿಂತ ಬಹುಮಾನಗಳೇ ಹೆಚ್ಚಾಗಿ, ಮಿಕ್ಕ ಕಪ್ಪಿನಲ್ಲಿ ಅಕ್ಕ ಪೆನ್ನು, ಕತ್ತರಿ ಇಟ್ಟುಕೊಂಡಳು.

ಭಾವನಿಗೆ ಆಗ ಹೊಳೆದದ್ದು, ಹೊಸಬರು ಹೆದರುತ್ತಿದ್ದಾರೆ, ದಾರಿಯನ್ನು ಸ್ವಲ್ಪ ಹದ ಮಾಡಬೇಕು ಎಂದು. ಎಡವುವ ಬೇರುಗಳ ಮೇಲೆ ಮಣ್ಣು ತುಂಬಿದ, ಕೆಸರಿದ್ದಲ್ಲಿ ಕಲ್ಲು ಹಾಸಿದ. ಕಡಿದಾದ ತಿರುವಿನಲ್ಲಿ, ಕೆಳಗೆ ಆಳವಿರುವ ಕಡೆ, ಪೈಪಿನ ಕಂಬಿ ಕೂರಿಸಿ ಹಸಿರು ಬಣ್ಣ ಬಳಿದ. ಗೇಟಿನಲ್ಲಿ ಮಿಕ್ಕ ಕಬ್ಬಿಣದಿಂದ ಅಲ್ಲೇ ಒಂದು ಬೆಂಚು. ಮೊದಲಿನಿಂದ ರೇಸಿಗೆ ಬರುತ್ತಿದ್ದ ಬೇಕರಿಯವನು ಅದನ್ನು ನೋಡಿ, "ಏನಣ್ಣಾ, ಇದು ರೇಸಾ, ಅಜ್ಜಿಯರ ವಾಕಿಂಗಾ?" ಎಂದು ಕಾಲೆಳೆದ. ಎಲ್ಲರೂ ನಕ್ಕೆವು. ಹೊಸಬರು ಬರಲಿಲ್ಲ. ಅಜ್ಜಿಯರು ನಿಜವಾಗಿಯೂ ಬಂದರು.

ಅಜ್ಜಂದಿರೂ ಬಂದರು, ಬಸುರಿಯರು ಬಂದರು, ಡಾಕ್ಟರು ನಡೆಯಲು ಹೇಳಿದ ಅರ್ಧ ಊರೇ ಬಂತು. ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಇಳಿಯುತ್ತಿದ್ದ ಸೈಕಲ್ಲಿಗೆ ಬೆಚ್ಚಿ ಒಬ್ಬರು ಪೊದೆಗೆ ಹಾರಿ ಕನ್ನಡಕ ಮುರಿದುಕೊಂಡರು. ಪುರಸಭೆಗೆ ದೂರು ಹೋಯಿತು. ದಾರಿಯ ಬುಡದಲ್ಲಿ ಬೋರ್ಡು ಬಂತು: ನಡೆಯುವವರಿಗೆ ಮಾತ್ರ, ಸೈಕಲ್ ನಿಷೇಧ.

ಭಾವ ಒಗೆದ ಅಂಗಿ ಹಾಕಿಕೊಂಡು ಆಫೀಸಿಗೆ ಹೋದ, ಜೊತೆಗೆ ನಾನೂ ಹೋದೆ. ಅಧಿಕಾರಿ ಜಗಳಗಂಟನಾಗಿದ್ದರೆ ಎಷ್ಟೋ ವಾಸಿಯಿತ್ತು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಎಲ್ಲ ಕೇಳಿಸಿಕೊಂಡರು.

"ನೋಡಿ, ಅಲ್ಲಿ ಕಂಬಿ ಇದೆ, ಬೆಂಚಿದೆ. ಸೈಕಲ್ ಓಡಿಸೋರಿಗೆ ಅಂತ ಯಾರಾದ್ರೂ ಬೆಂಚು ಹಾಕ್ತಾರಾ? ಅದು ನಡೆಯೋರಿಗೆ ಅಂತಾನೇ ಮಾಡಿದ ದಾರಿ."

"ನಾನೇ ಹಾಕಿದ್ದು ಸಾರ್."

"ಯಾರನ್ನ ಕೇಳಿ ಹಾಕಿದ್ರಿ?"

ಭಾವ ತನ್ನ ಅಂಗೈ ನೋಡಿಕೊಂಡ. ಯಾರನ್ನಾದರೂ ಕೇಳಬೇಕೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

ರೇಸಿನ ದಿನ ಬಂತು. ಬರಬೇಡಿ ಎನ್ನಲು ಭಾವನಿಗೆ ನಾಲಿಗೆ ಏಳಲಿಲ್ಲ. ನಾಲ್ಕಾರು ಜನ ಸೈಕಲ್ ಹಿಡಿದು ಬಂದು ನಿಂತರು. ಬೋರ್ಡಿನ ಪಕ್ಕ ಪುರಸಭೆಯ ಕಾವಲಿನವನೊಬ್ಬ ಸ್ಟೂಲು ಹಾಕಿಕೊಂಡು ಕೂತಿದ್ದ. ಭಾವ ಅಭ್ಯಾಸಬಲದಿಂದ ಪಟ್ಟಿಯನ್ನು ಕೊಂಬೆಗೆ ನೇತುಹಾಕಿಬಿಟ್ಟಿದ್ದ.

ಬೇಕರಿಯವನು ಅವನನ್ನು ಪಕ್ಕಕ್ಕೆ ಕರೆದ. "ಕಂಬಿ ಬಿಚ್ಚಿ ಬಿಸಾಕಣ್ಣಾ. ಕಂಬಿ ಇಲ್ಲ ಅಂದ್ರೆ ಆ ತಿರುವಲ್ಲಿ ವಯಸ್ಸಾದವರು ಕಾಲಿಡಲ್ಲ. ಮುಂದಿನ ವರ್ಷಕ್ಕಾದ್ರೂ ಗುಡ್ಡ ನಮಗೆ ಸಿಗತ್ತೆ. ನೀನೇ ಹಾಕಿದ್ದು ತಾನೇ?"

ಭಾವ ಚೀಲದಿಂದ ಸ್ಪ್ಯಾನರ್ ತೆಗೆದ. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಹೋಗಲಿ ಅನ್ನಿಸಿತ್ತು. ಸ್ಪ್ಯಾನರ್ ಹಿಡಿದು ನಡೆದು ಹೋಗಲು ಕಾವಲಿನವನ ಅಡ್ಡಿಯೇನೂ ಇರಲಿಲ್ಲ. ಇಬ್ಬರೂ ಹತ್ತಿದೆವು.

ತಿರುವಿನಲ್ಲಿ ಒಬ್ಬ ಮುದುಕಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತಿದ್ದರು. ಭಾವನ ಕೈಯಲ್ಲಿದ್ದ ಸ್ಪ್ಯಾನರ್ ನೋಡಿ ಅವರ ಮುಖ ಅರಳಿತು.

"ಸದ್ಯ, ರಿಪೇರಿಗೆ ಬಂದೆಯಾ? ಇಲ್ಲಿ ಅಲ್ಲಾಡ್ತಿದೆ ನೋಡಪ್ಪ. ಯಾವ ಪುಣ್ಯಾತ್ಮ ಹಾಕಿಸಿದನೋ, ಇದಿಲ್ಲದಿದ್ರೆ ನಾನು ಮನೆ ಬಿಟ್ಟು ಹೊರಗೆ ಬರ್ತಿರ್ಲಿಲ್ಲ."

ಭಾವ ನನ್ನ ಮುಖ ನೋಡಿದ. ಏನಾದರೂ ಹೇಳು ಎಂಬಂತಿತ್ತು ಆ ನೋಟ. ಅವನು ಮೊಣಕಾಲೂರಿ ಕೂತು ಆ ಬೋಲ್ಟನ್ನು ಬಿಗಿ ಮಾಡಿದ. ಆಮೇಲೆ ಪಕ್ಕದ್ದನ್ನು, ಅದರ ಪಕ್ಕದ್ದನ್ನು. ಕಂಬಿ ಹಿಡಿದು ಜಗ್ಗಿ ನೋಡಿ, "ಈಗ ಹಿಡ್ಕೊಳ್ಳಿ ಅಮ್ಮಾ" ಎಂದ. ನನಗೆ ಅಳುವೇ ಬಂತು. ಆ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಜಾಗವಿರಲಿಲ್ಲ.

ಕೆಳಗೆ ಬಂದಾಗ ಅವನ ಮುಖ ನೋಡಿಯೇ ಬೇಕರಿಯವನಿಗೆ ಅರ್ಥವಾಯಿತು. ಸೈಕಲ್ ಹತ್ತಿ ಹೋದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಪಟ್ಟಿ ಕೊಂಬೆಯಲ್ಲೇ ಇತ್ತು.

"ಇಳಿಸಿಬಿಡಿ ಭಾವ, ಮನೆಗೆ ಹೋಗೋಣ" ಎಂದೆ.

"ತಡಿಯಮ್ಮಾ" ಎಂದು ಅವನು ದಾರಿಯ ಕಡೆಗೇ ನೋಡುತ್ತ ನಿಂತ. ಬಹಳ ಹೊತ್ತಿನ ಮೇಲೆ ಆ ಮುದುಕಿ ಕೋಲೂರುತ್ತ ಬುಡಕ್ಕೆ ಬಂದರು, ನಮ್ಮತ್ತ ಒಮ್ಮೆ ತಲೆಯಾಡಿಸಿ ರಸ್ತೆ ದಾಟಿದರು. ಭಾವ ಗುಡ್ಡವನ್ನು ಇನ್ನೊಮ್ಮೆ ನೋಡಿದ.

"ಕೊನೆಯವರು ಬಂದ್ರಾ?"

"ಬಂದ್ರು" ಎಂದೆ.

ಅವನು ಪಟ್ಟಿಯನ್ನು ಸದ್ದಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದ.