ಸತ್ತ ಹುಡುಗಿಯ ಕಾದಂಬರಿ, ಅಪ್ಪನ ಎಡೆ

ನನ್ನ ಮೊದಲ ಕಾದಂಬರಿಯ ನಾಯಕಿ ಮೊದಲ ಸಾಲಿಗೇ ಸತ್ತಿರುತ್ತಾಳೆ. ಹೈಸ್ಕೂಲು, ಕಾಲೇಜು ಮಕ್ಕಳು ಓದಲಿ ಅಂತ ಬರೆಯುತ್ತಿದ್ದ ಪತ್ತೇದಾರಿ ಕಥೆ ಅದು. ಪಿಯುಸಿ ಓದುವ ಹುಡುಗಿ ಪರಲೋಕದಲ್ಲಿ ಕೂತು, ತನ್ನನ್ನು ಕೊಂದವರು ಯಾರು ಅಂತ ತಾನೇ ಹುಡುಕುತ್ತಾಳೆ. ಪರಲೋಕವನ್ನು ನಮ್ಮ ಸಿಟಿ ಬಸ್ ಸ್ಟ್ಯಾಂಡಿನ ಥರ ಮಾಡಿದ್ದೆ. ಎಲ್ಲರೂ ಕಾಯುತ್ತಿರುತ್ತಾರೆ, ಯಾವ ಬಸ್ಸು ಯಾವಾಗ ಅಂತ ಕೇಳಿದರೆ ಯಾರೂ ನೆಟ್ಟಗೆ ಹೇಳೋದಿಲ್ಲ.

ಕೆಸರೆಯ ಮನೆಯಲ್ಲಿ ಇರೋದು ನಾನು, ಅಮ್ಮ ಇಬ್ಬರೇ. ಅಮ್ಮ ಇಲವಾಲದ ಕಡೆಯ ರೈತರ ಮನೆ ಮಗಳು. ಪುಸ್ತಕ ಓದೋದಿಲ್ಲ, ಆದರೆ ಓದಿ ಹೇಳಿದರೆ ಕಿವಿಗೊಟ್ಟು ಕೇಳುತ್ತಾಳೆ. ಸಂಜೆ ಅವಳು ಸೊಪ್ಪು ಬಿಡಿಸುತ್ತಾ ಕೂತಾಗ ಅವತ್ತು ಬರೆದಷ್ಟನ್ನು ಓದುತ್ತಿದ್ದೆ.

ಒಂದು ಸಂಜೆ ಅವಳು ನನ್ನನ್ನು ತಡೆದಳು. "ಸತ್ತೋಳಿಗೆ ಗೋಡೆಯಾಚೆ ಇರೋದೂ ಕಾಣ್ತದೆ ಅಂತೀಯ. ಕೊಂದೋನು ಮಾತ್ರ ಯಾಕೆ ಕಾಣಕಿಲ್ಲ?"

"ತಿಂಡಿಯಲ್ಲಿ ವಿಷ ಹಾಕಿದಾರಮ್ಮ. ಹಾಕುವಾಗ ಅವಳು ಬದುಕಿದ್ದಳಲ್ಲ, ಆಗ ಕಾಣಲಿಲ್ಲ."

"ಮತ್ತೆ ಈಗ ಎಂಗೆ ಗೊತ್ತಾಯ್ತದೆ?"

ಹುಡುಗಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಕೂರಿಸಿ, ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಅಷ್ಟರಲ್ಲಿ ಪಿತೃಪಕ್ಷ ಬಂತು. ಅಪ್ಪ ಹೃದಯ ನಿಂತು ತೀರಿಕೊಂಡ ಮೇಲೆ ಅದು ಎರಡನೇ ಸಲದ ಎಡೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡೋದು ಅಂದರೆ ಸಂಕೋಚವೇ ಇಲ್ಲ. ಬದುಕಿದ್ದಾಗ ಏನೇನು ಇಷ್ಟವಿತ್ತೋ ಎಲ್ಲವೂ ಫೋಟೋ ಮುಂದಿನ ಬಾಳೆಲೆಗೆ ಬರಬೇಕು. ಮುದ್ದೆ, ಮಟನ್ ಸಾರು, ವಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಒಂದು ಕ್ವಾರ್ಟರ್ ಬಾಟ್ಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ಸಿಹಿ ಮಾತ್ರ ಇರಲಿಲ್ಲ. ಶಾಸ್ತ್ರಕ್ಕೆ ಅಂತ ಅಮ್ಮ ಪಾಯಸದಲ್ಲಿ ಬೆರಳು ಅದ್ದಿ ಎಲೆಯ ತುದಿಗೆ ಸವರಿದ್ದಳು. ಬ್ರಾಂದಿಗೆ ಅಡ್ಡಿಯಿಲ್ಲ, ಪಾಯಸಕ್ಕೆ ಮಾತ್ರ ಪಥ್ಯ. ಸತ್ತ ಮೇಲೂ ಅಪ್ಪನ ಶುಗರ್ರು ಅಮ್ಮನ ಕೈಯಲ್ಲೇ ಇತ್ತು.

ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಊರಿನಿಂದ ಸ್ಕೂಟರಿನಲ್ಲಿ ಬಂದರು. ಧೂಪ ಹಾಕಿದ್ದಾಯ್ತು. ಹಿರಿಯರು ಬಂದು ಉಣ್ಣಲಿ ಅಂತ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಿಲ್ಲಬೇಕು. ಹೊರಡುವ ಹೊತ್ತಿಗೆ ಚಿಕ್ಕಪ್ಪ ಜೇಬಿನಿಂದ ಒಂದು ಬೇಕರಿ ಪೊಟ್ಟಣ ತೆಗೆದು ಮಟನ್ ಸಾರಿನ ಹಿಂದೆ ಮೆಲ್ಲಗೆ ತೂರಿಸಿದರು. ಅಮ್ಮ ನೋಡಿಬಿಟ್ಟಳು.

"ಏನದು?"

"ಏನಿಲ್ಲ ಅತ್ತಿಗೆ, ಒಂದು ದಿಲ್‌ಪಸಂದ್."

"ಅವರು ಸಿಹಿ ಮುಟ್ತಿರ್ಲಿಲ್ವಲ್ಲ!"

ಚಿಕ್ಕಪ್ಪ ಕತ್ತು ತಗ್ಗಿಸಿದರು. ಕೊಬ್ಬರಿ, ಟೂಟಿ ಫ್ರೂಟಿ ತುಂಬಿದ ಆ ತ್ರಿಕೋನದ ತುಂಡು ಪೊಟ್ಟಣದಿಂದ ಇಣುಕುತ್ತಿತ್ತು. ಭಾನುವಾರ ಬೆಳಿಗ್ಗೆ ಅವರು ಅಪ್ಪನನ್ನು ವಾಕಿಂಗ್ ಅಂತ ಯಾದವಗಿರಿಗೆ ಕರೆದುಕೊಂಡು ಹೋಗುತ್ತಿದ್ದರು. ನಡೆಯೋದಕ್ಕೆ ಸ್ಕೂಟರಿನಲ್ಲಿ ಯಾಕೆ ಹೋಗಬೇಕು ಅಂತ ನಾವು ಒಂದು ದಿನವೂ ಕೇಳಿರಲಿಲ್ಲ. ಅಲ್ಲಿ ಮರಗಳಿವೆ, ಗಾಳಿ ಚೆನ್ನಾಗಿದೆ ಅಂತಿದ್ದ ಅಪ್ಪ. ಬೇಕರಿಯೂ ಇದೆ ಅಂತ ಹೇಳಿರಲಿಲ್ಲ.

"ಅಂದ್ರೆ ವಾರವಾರವೂ ತಿನ್ನಿಸ್ತಿದ್ದೆ?" ಅಮ್ಮ ಚಿಕ್ಕಪ್ಪನ ಕಡೆ ತಿರುಗಿದಳು. "ನಾನು ಇಲ್ಲಿ ಒಂದು ಚಮಚ ಸಕ್ಕರೆಗೆ ಅವರ ಜೊತೆ ಜಗಳ ಆಡ್ಕಂಡು ಕೂತಿದ್ರೆ, ನೀನು ನಿಮ್ಮಣ್ಣನ್ನ ಸಾಯಿಸ್ತಿದ್ದೆಯಾ?"

ಚಿಕ್ಕಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. "ಅಣ್ಣ ಕೇಳ್ದ, ಅತ್ತಿಗೆ. ಚಿಕ್ಕಂದಿನಿಂದ ಅಣ್ಣ ಏನು ಕೇಳಿದ್ರೂ ನಾನು ಇಲ್ಲ ಅಂದೋನಲ್ಲ." ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಅಪ್ಪನ ಹೃದಯ ದಿಲ್‌ಪಸಂದ್‌ನಿಂದ ನಿಂತಿತೋ, ಬೀಡಿಯಿಂದ ನಿಂತಿತೋ, ಯಾವ ಡಾಕ್ಟರೂ ಹೇಳಿರಲಿಲ್ಲ. ಅಮ್ಮ ಫೋಟೋವನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಚಿಕ್ಕಪ್ಪನ ಎದುರಿಗೇ ಕೂತಳು.

"ತಿನ್ನುವಾಗ ಏನು ಮಾತಾಡ್ತಿದ್ರು?"

"ಏನೇನೋ. ಮಳೆ, ಬೆಳೆ…"

"ನನ್ನ ವಿಷ್ಯ?"

ಚಿಕ್ಕಪ್ಪ ಮೂಗೊರೆಸಿಕೊಂಡರು. "ಊಟ ಬೋ ಸಪ್ಪೆ ಮಾಡ್ತಾಳೆ ಕಣೋ ಅಂತಿದ್ದ."

ಅಮ್ಮನಿಗೆ ರೇಗಿಹೋಯಿತು. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಳು. "ತಿನ್ನಲಿ ಬುಡು, ಈಗ ಬೇಕಾದಷ್ಟು ತಿನ್ನಲಿ!" ಅಂತ ಒಂದು ಹಿಡಿ ಉಪ್ಪನ್ನು ಮಟನ್ ಸಾರಿಗೆ ಸುರಿದಳು. ಪೊಟ್ಟಣ ಬಿಚ್ಚಿ, ದಿಲ್‌ಪಸಂದನ್ನು ಎಲೆಯ ನಟ್ಟನಡುವೆ ಮುದ್ದೆಯ ಪಕ್ಕದಲ್ಲಿಟ್ಟು, ನಮ್ಮಿಬ್ಬರನ್ನೂ ಹೊರಗೆ ಅಟ್ಟಿ, ತಾನೂ ಬಂದು ಬಾಗಿಲು ಎಳೆದುಕೊಂಡಳು. ಆ ಸಾರನ್ನು ಆಮೇಲೆ ನಾವು ಯಾರೂ ತಿನ್ನುವ ಹಾಗಿರಲಿಲ್ಲ. ಕ್ವಾರ್ಟರ್ ಬಾಟ್ಲಿ ಚಿಕ್ಕಪ್ಪನ ಪಾಲಿಗೆ ಹೋಯಿತು, ಅಮ್ಮ ಬೇಡ ಅನ್ನಲಿಲ್ಲ.

ಮಾರನೇ ದಿನ ನನ್ನ ಹುಡುಗಿ ಬಸ್ ಸ್ಟ್ಯಾಂಡಿನಿಂದ ಎದ್ದಳು. ಅವಳನ್ನು ಅವಳದೇ ಎಡೆಗೆ ಕರೆತಂದೆ. ಎಲೆಯ ಮೇಲೆ ಎಲ್ಲರೂ ಅವಳಿಗಿಷ್ಟದ್ದನ್ನೇ ಇಟ್ಟಿದ್ದಾರೆ. ಅವುಗಳ ನಡುವೆ ಗೋಡಂಬಿ ಬರ್ಫಿಯ ಒಂದು ತುಂಡು. ಗೋಡಂಬಿ ಅವಳ ಮೈಗೆ ಆಗದು, ಮನೆಯೊಳಗೇ ತರುತ್ತಿರಲಿಲ್ಲ. ಅವಳಿಗೆ ಅದರ ಮೇಲೆ ಆಸೆ ಅಂತ ಗೊತ್ತಿದ್ದದ್ದು ಒಬ್ಬನಿಗೇ. ಅವಳ ಗೆಳೆಯನಿಗೆ, ಸತ್ತ ದಿನ ಅವಳೇ ಗೋಗರೆದು ಅವನಿಂದ ತರಿಸಿಕೊಂಡು ತಿಂದಿದ್ದರಿಂದ.

ವಿಷ ಹಾಕಿದ ಖಳನಾಯಕನನ್ನು ಕಾದಂಬರಿಯಿಂದ ಓಡಿಸಬೇಕಾಯಿತು. ಪ್ರಕಾಶಕರು ಫೋನಿನಲ್ಲಿ ಪೇಚಾಡಿದರು. "ಮೇಡಂ, ಪತ್ತೇದಾರಿ ಅಂತೀರಿ, ಕೊಲೆಯೇ ಇಲ್ಲವಲ್ಲ?"

"ಸತ್ತಿರೋದಂತೂ ನಿಜ ಸರ್," ಅಂದೆ. ಗೊಣಗುತ್ತಲೇ ಒಪ್ಪಿದರು.

ಕೊನೆಯ ಅಧ್ಯಾಯ ಓದಿ ಹೇಳಿದ ದಿನ ಚಿಕ್ಕಪ್ಪನೂ ಇದ್ದರು. ಗೆಳೆಯ ಎಲೆಯ ಮುಂದೆ ಕೂತು ಅಳುವ ಕಡೆ ಅವರು ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು. ಅಮ್ಮ ಕಾಫಿ ಇಟ್ಟು ಅವರನ್ನು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟಳು.

"ಚೆನ್ನಾಗದೆ ಕಣೆ. ಆದ್ರೆ ಆ ಹುಡುಗಿ ಬೋ ಮಾತಾಡ್ತಾಳೆ. ಸತ್ತ ಮೇಲಾದ್ರೂ ಒಸಿ ಸುಮ್ಕಿರಬಾರದಾ?"

ಹದಿನೈದು ಪುಟ ಕತ್ತರಿಸಿದೆ.